ರಿಜೈನಾದಿಂದ ಕ್ಯಾಲ್ಗರಿಗೆ: 1ನೇ ಹೆದ್ದಾರಿಯೋ, 13ನೆಯದೋ?

ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದಲ್ಲಿರುವ ನಮ್ಮವರಿಗೆ ಬೇಸಿಗೆ ಬಂತೆಂದರೆ ಕ್ಯಾಲ್ಗರಿಯಾಚೆಯ ಬೆಟ್ಟದೂರು ಬ್ಯಾನ್ಫ್ ನೆನಪಾಗುತ್ತದೆ. ರಿಜೈನಾ ಬಿಟ್ಟರೆ ಕ್ಯಾಲ್ಗರಿಯಲ್ಲೇ ಉಸಿರು ಬಿಡೋದು. ನಡುವಿನ ಬಯಲಲ್ಲಿ ನೋಡೋಕೆ ಏನಿದೆ ಅನ್ನೋದು ಎಲ್ಲರ ಮಾತು. ಈ ಸಲ ನಾವು ಹೋಗುವಾಗ 13ನೇ ಹೆದ್ದಾರಿ ಹಿಡಿದೆವು, ಬರುವಾಗ 1ನೆಯದು.

1ನೇ ಹೆದ್ದಾರಿ ಎಂದರೆ ಟ್ರಾನ್ಸ್-ಕೆನಡಾ. ನಾಲ್ಕು ಲೇನ್, ಗಂಟೆಗೆ 110 ಕಿ.ಮೀ. ರಿಜೈನಾದಿಂದ ಪಕ್ಕದ ಆಲ್ಬರ್ಟಾ ಪ್ರಾಂತ್ಯದ ಮೆಡಿಸಿನ್ ಹ್ಯಾಟ್ ಊರಿನವರೆಗೆ ಸುಮಾರು 470 ಕಿ.ಮೀ. ಪೆಟ್ರೋಲು, ಕಾಫಿ, ಶೌಚಾಲಯ ಯಾವುದಕ್ಕೂ ಪರದಾಡಬೇಕಿಲ್ಲ. ಆದರೆ ಊರುಗಳೆಲ್ಲ ಪಕ್ಕಕ್ಕೆ ಸರಿದು ನಿಂತಿವೆ. ಬೋರ್ಡು ಕಾಣುತ್ತದೆ, ಊರು ಕಾಣೋದಿಲ್ಲ. ಮೂಸ್ ಜಾದಲ್ಲಿ ಮಾತ್ರ ಇಳಿಯಲೇಬೇಕು, ಅಲ್ಲಿನ ಮ್ಯಾಕ್ ಎಂಬ ಮೂಸ್ (ಕಡವೆಯಂಥ ದೊಡ್ಡ ಪ್ರಾಣಿ) ಪ್ರತಿಮೆಗಾಗಿ. 1984ರಲ್ಲಿ ನಿಲ್ಲಿಸಿದ ಈ ಪ್ರತಿಮೆಯನ್ನು ನಾರ್ವೆಯವರು 2015ರಲ್ಲಿ ಇನ್ನೂ ಎತ್ತರದ್ದೊಂದು ಕಟ್ಟಿ ಸೋಲಿಸಿದರು. ಊರವರು ಬಿಡ್ತಾರಾ? 2019ರಲ್ಲಿ ಮ್ಯಾಕ್‌ಗೆ ದೊಡ್ಡ ಕೊಂಬು ಜೋಡಿಸಿ ಮತ್ತೆ ಗೆದ್ದರು. ಆಮೇಲೆ ಸಿಗುವ ಚಾಪ್ಲಿನ್‌ನಲ್ಲಿ ರಸ್ತೆ ಪಕ್ಕದ ಕೆರೆ ಬೆಳ್ಳಗೆ ಹೆಪ್ಪುಗಟ್ಟಿದ ಹಾಗಿರುತ್ತದೆ. ಅದು ಮಂಜಲ್ಲ, ಸೋಡಿಯಂ ಸಲ್ಫೇಟ್. ಬಟ್ಟೆ ಒಗೆಯುವ ಪುಡಿಗೆ ಹಾಕೋದು.

ರಾತ್ರಿ ತಂಗಿದ್ದ ಮೋಟೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಿಟಕಿಯಾಚೆ ರೈಲು ಹಳಿ. ಗೂಡ್ಸ್ ಗಾಡಿಗಳು ಬೆಳಗಿನವರೆಗೂ ಕೂಗಿದವು.

13ನೆಯದಕ್ಕೆ ರೆಡ್ ಕೋಟ್ ಟ್ರೇಲ್ ಎಂಬ ಹೆಸರೂ ಇದೆ. 1874ರಲ್ಲಿ ಕೆಂಪು ಕೋಟಿನ ಪೊಲೀಸರು ಪಶ್ಚಿಮಕ್ಕೆ ನಡೆದ ದಾರಿಯ ನೆನಪಿಗೆ ಇಟ್ಟ ಹೆಸರು. ರಿಜೈನಾದಿಂದ 6ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದರೆ ಸಿಗುತ್ತದೆ. ಎರಡೇ ಲೇನ್, ಅಲ್ಲಲ್ಲಿ ತೇಪೆ ಹಾಕಿದ ಡಾಂಬರು. ಎದುರು ಬರುವ ಪಿಕಪ್‌ನವರೆಲ್ಲ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ನಮಸ್ಕಾರ ಅಂತ. ಮೊದಲು ಗಲಿಬಿಲಿ ಆಯಿತು, ಆಮೇಲೆ ನಾವೇ ಮೊದಲು ಎತ್ತತೊಡಗಿದೆವು.

ಈ ದಾರಿಯ ಊರುಗಳು ರೈಲಿಗಾಗಿ ಹುಟ್ಟಿದವು. ರೈತ ಕುದುರೆಗಾಡಿಯಲ್ಲಿ ಗೋಧಿ ತಂದು, ಇಳಿಸಿ, ಅವತ್ತೇ ಮನೆ ಸೇರಬೇಕಿತ್ತು. ಅದಕ್ಕೇ 10-15 ಕಿ.ಮೀ.ಗೊಂದು ಊರು, ಊರಿಗೊಂದು ಮರದ ಗ್ರೇನ್ ಎಲಿವೇಟರ್, ಅಂದರೆ ಧಾನ್ಯ ಕೂಡಿಟ್ಟು ರೈಲಿಗೆ ತುಂಬುವ ಎತ್ತರದ ಕಟ್ಟಡ. ಲಾರಿಗಳು ಬಂದವು, ಕಾಂಕ್ರೀಟಿನ ದೊಡ್ಡ ಟರ್ಮಿನಲ್‌ಗಳು ಬಂದವು, ಮರದವನ್ನು ಒಂದೊಂದಾಗಿ ಕೆಡವಿದರು. ಉಳಿದ ಕೆಲವು ಇನ್ನೂ ಅಲ್ಲಲ್ಲಿ ನಿಂತಿವೆ. ಎಲಿವೇಟರ್ ಹೋದ ಕಡೆ ಅಂಗಡಿಯೂ ಹೋಗಿದೆ, ಸ್ಕೂಲೂ ಹೋಗಿದೆ. ಕೆಲವು ಊರುಗಳಲ್ಲಿ ಹುಲ್ಲು ಕತ್ತರಿಸಿದ ಅಂಗಳ ಎಣಿಸಿದರೆ ಎಷ್ಟು ಮನೆಯಲ್ಲಿ ಜನ ಇದ್ದಾರೆ ಅಂತ ಗೊತ್ತಾಗಿಬಿಡುತ್ತದೆ.

ಹೊಲಗಳಲ್ಲಿ ಮಾತ್ರ ಬರೀ ಗೋಧಿ ಇಲ್ಲ. ಸಾಸಿವೆ ಜಾತಿಯ ಹಳದಿ ಕನೋಲಾ, ನೀಲಿ ಹೂವಿನ ಅಗಸೆ, ಮತ್ತೆ ಮೊಣಕಾಲೂ ಮುಟ್ಟದ ಒಂದು ಪೊದೆಯಂಥ ಗಿಡ. ನಮ್ಮ ಜೊತೆಗಿದ್ದ ಅಮ್ಮ ರಸ್ತೆ ಬದಿಯಲ್ಲೇ ಬೆಳೆದಿದ್ದ ಒಂದರಿಂದ ಕಾಯಿ ಬಿಡಿಸಿದರು. ಪುಟ್ಟ ಚಪ್ಪಟೆ ಕಾಯಿ, ಒಳಗೆ ಎರಡೇ ಕಾಳು. "ಅಯ್ಯೋ, ಇದು ಮಸೂರ್ ಅಲ್ವಾ!" ಹೌದು. ಕೆನಡಾದ ಮಸೂರ್‌ನಲ್ಲಿ ಬಹುಪಾಲು ಈ ಪ್ರಾಂತ್ಯದ್ದೇ, ಭಾರತ ಅದರ ದೊಡ್ಡ ಗಿರಾಕಿಗಳಲ್ಲೊಂದು.

ಊಟದ ವಿಷಯದಲ್ಲಿ 1ನೆಯದೇ ಸುಲಭ. 13ರಲ್ಲಿ ಚೈನೀಸ್ ಕೆಫೆ ಇದ್ದರೆ ಪುಣ್ಯ: ಮೊಟ್ಟೆ ಬೇಡ, ಮಾಂಸ ಬೇಡ ಎಂದರೆ ತರಕಾರಿ ಚೌಮೀನ್ ಮಾಡಿಕೊಡುತ್ತಾರೆ. ಆಲೂಗಡ್ಡೆ ತುಂಬಿದ, ಕಡುಬಿನಂಥ ಪಿರೋಗಿಯೂ ನಡೆಯುತ್ತದೆ, ಮೇಲೆ ಬೇಕನ್ (ಹಂದಿಮಾಂಸ) ಉದುರಿಸಬೇಡಿ ಅಂತ ಮೊದಲೇ ಹೇಳಿ. ಸಂಜೆ ತಡವಾದರೆ ಅದೂ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗೋದು ವಾಸಿ.

13ರಲ್ಲಿ ನನಗೆ ತುಂಬ ಹಿಡಿಸಿದ್ದು ಈಸ್ಟೆಂಡ್. ಅಷ್ಟು ಹೊತ್ತಿನ ಚಪ್ಪಟೆ ನೆಲ ಇದ್ದಕ್ಕಿದ್ದಂತೆ ಕಣಿವೆಗೆ ಇಳಿಯುತ್ತದೆ. 1991ರಲ್ಲಿ ಇಲ್ಲಿನ ಸ್ಕೂಲ್ ಪ್ರಿನ್ಸಿಪಾಲರೊಬ್ಬರಿಗೆ ಟೈರನೊಸಾರಸ್ ರೆಕ್ಸ್‌ನ ಹಲ್ಲು ಮತ್ತು ಬಾಲದ ಮೂಳೆ ಸಿಕ್ಕಿತು. ಅದೇ 'ಸ್ಕಾಟಿ'. ತೂಕ ಸುಮಾರು 8,800 ಕೆ.ಜಿ. ಇದ್ದಿರಬೇಕು ಎಂದು 2019ರಲ್ಲಿ ಅಂದಾಜು ಮಾಡಿದರು. ಗುಡ್ಡದ ಬದಿಯಲ್ಲಿ ಅದರ ಮ್ಯೂಸಿಯಂ ಇದೆ. ಮಕ್ಕಳನ್ನು ಹೊರಗೆ ಕರೆತರೋದೇ ಕಷ್ಟ.

ಹಾಗಂತ ಪೂರ್ತಿ 13 ಮಾಡಿ ಅಂತ ಹೇಳಲಾರೆ. ಶುರುವಿನ ಅರ್ಧ ಉದ್ದ ಜಾಸ್ತಿ, ನಿಲ್ಲೋ ಜಾಗ ಕಡಿಮೆ. ಚಳಿಗಾಲದಲ್ಲಂತೂ 1 ಬಿಟ್ಟು ಅಲುಗಬೇಡಿ. ಬೇಸಿಗೆಯಲ್ಲಾದರೆ ಮುಂದಿನ ಸಲ ನಾನು ಹೋಗೋದು ಹೀಗೆ: ಸ್ವಿಫ್ಟ್ ಕರೆಂಟ್‌ವರೆಗೆ 1, ಅಲ್ಲಿಂದ 4ನೇ ಹೆದ್ದಾರಿಯಲ್ಲಿ ಕೆಳಗಿಳಿದು ಕ್ಯಾಡಿಲ್ಯಾಕ್ ಹತ್ತಿರ 13, ಶಾನವನ್, ಈಸ್ಟೆಂಡ್, ಆಮೇಲೆ 21ರಲ್ಲಿ ಮೇಪಲ್ ಕ್ರೀಕ್‌ಗೆ ಹತ್ತಿ ಮತ್ತೆ 1. ಪೆಟ್ರೋಲ್ ಮಾತ್ರ ಶಾನವನ್‌ನಲ್ಲೇ ಫುಲ್ ಮಾಡಿಸಿಕೊಳ್ಳಿ.