ಮ್ಯಾನೇಜ್ಡ್ ಸ್ವಿಚ್‌ನ ಲೂಪ್ ತಡೆ: ನಾಲ್ಕು ವರ್ಷ ಬಳಸಿದ ಮೇಲೆ

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. 24 ಪೋರ್ಟಿನ ಆರು ಮ್ಯಾನೇಜ್ಡ್ ಸ್ವಿಚ್ (ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಜೋಡಿಸುವ, ಸೆಟ್ಟಿಂಗ್ ಬದಲಿಸಬಹುದಾದ ಪೆಟ್ಟಿಗೆ) ಹಾಕಿಸಿ ನಾಲ್ಕು ವರ್ಷವಾಯಿತು. ವೇಗದಲ್ಲಾಗಲಿ ಫ್ಯಾನಿನ ಸದ್ದಿನಲ್ಲಾಗಲಿ ದೂರಿಲ್ಲ. ನಾನು ದುಡ್ಡು ಕೊಟ್ಟದ್ದು ಲೂಪ್ ತಡೆಗೆ, ಅಂದರೆ ಕೇಬಲ್ ಸುತ್ತಿ ಬಂದು ಅದೇ ನೆಟ್‌ವರ್ಕಿಗೆ ಸೇರಿ ಡೇಟಾ ಗಿರಕಿ ಹೊಡೆಯದಂತೆ ತಡೆಯುವುದಕ್ಕೆ. ಬರೆಯುವುದೂ ಅದರ ಬಗ್ಗೆಯೇ.

ಮೊದಲು ಇದ್ದದ್ದೆಲ್ಲ ಅನ್‌ಮ್ಯಾನೇಜ್ಡ್. ಒಂದು ದಿನ ಮೀಟಿಂಗ್ ರೂಮಿನಲ್ಲಿ ಯಾರೋ ಮೇಜಿನ ಮೇಲಿದ್ದ ಕೇಬಲ್ಲಿನ ತುದಿಯನ್ನು ಖಾಲಿ ಸಾಕೆಟ್ಟಿಗೆ ಸಿಕ್ಕಿಸಿದರು. ಇನ್ನೊಂದು ತುದಿ ಆಗಲೇ ಪಕ್ಕದ ಸಾಕೆಟ್ಟಿನಲ್ಲಿತ್ತು. ರ್‍ಯಾಕ್ ತೆರೆದರೆ ಎಲ್ಲ ಪೋರ್ಟಿನ ದೀಪಗಳೂ ಒಟ್ಟಿಗೇ ಪಟಪಟನೆ ಮಿನುಗುತ್ತಿದ್ದವು. ಇಥರ್ನೆಟ್ ಫ್ರೇಮಿಗೆ (ಕೇಬಲ್ಲಿನಲ್ಲಿ ಹರಿಯುವ ಡೇಟಾದ ತುಣುಕಿಗೆ) ಐಪಿ ಪ್ಯಾಕೆಟ್ಟಿಗಿರುವಂತೆ ಟಿಟಿಎಲ್, ಅಂದರೆ ಇಷ್ಟು ಹೆಜ್ಜೆಯಾದ ಮೇಲೆ ಸಾಯಬೇಕೆಂಬ ಮಿತಿ, ಇಲ್ಲ. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಫ್ರೇಮ್) ಒಮ್ಮೆ ಸುತ್ತಲು ಶುರುವಾದರೆ ಕೇಬಲ್ ಕೀಳುವವರೆಗೂ ನಿಲ್ಲುವುದಿಲ್ಲ. ಒಂದೊಂದೇ ಕೇಬಲ್ ಕಿತ್ತು ಹುಡುಕುವಷ್ಟರಲ್ಲಿ ಅರ್ಧ ದಿನ ಹೋಯಿತು.

ಈ ಸ್ವಿಚ್‌ಗಳಲ್ಲಿರುವುದು ರ್‍ಯಾಪಿಡ್ ಸ್ಪ್ಯಾನಿಂಗ್ ಟ್ರೀ: ಸ್ವಿಚ್‌ಗಳು ತಮ್ಮೊಳಗೆ ಮಾತಾಡಿಕೊಂಡು, ಲೂಪ್ ಮಾಡುವ ಹೆಚ್ಚುವರಿ ಕೇಬಲ್ಲನ್ನು ಬ್ಲಾಕ್ ಮಾಡಿ, ಇನ್ನೊಂದು ಕೆಟ್ಟಾಗ ಅದನ್ನು ತೆರೆಯುವ ವ್ಯವಸ್ಥೆ. 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದ ಮೂಲ ಪ್ರೋಟೋಕಾಲ್‌ನಲ್ಲಿ ಲಿಂಕ್ ಹೋದರೆ 30ರಿಂದ 50 ಸೆಕೆಂಡು ಕಾಯಬೇಕಿತ್ತು. ಇಲ್ಲಿ ಎರಡು ಮಹಡಿಗಳ ನಡುವಿನ ಮುಖ್ಯ ಕೇಬಲ್ಲನ್ನೇ ಕಿತ್ತು ನೋಡಿದೆ, ಸಂಪರ್ಕ ಇದೆಯೇ ಎಂದು ಕೇಳುತ್ತಲೇ ಇರುವ ಪಿಂಗ್‌ನಲ್ಲಿ ತಪ್ಪಿದ್ದು ಒಂದೇ ಉತ್ತರ.

ಆದರೆ ಬಾಕ್ಸಿನಿಂದ ತೆಗೆದು ಹಾಗೇ ಜೋಡಿಸಬೇಡಿ. ಪ್ರಯಾರಿಟಿ ಸಂಖ್ಯೆ ಅತಿ ಚಿಕ್ಕದಿರುವ ಸ್ವಿಚ್ ರೂಟ್, ಅಂದರೆ ಉಳಿದವು ದಾರಿ ಲೆಕ್ಕ ಹಾಕುವ ಕೇಂದ್ರ. ಎಲ್ಲದರ ಪ್ರಯಾರಿಟಿಯೂ 32768 ಇರುತ್ತದೆ, ಆಗ ಅತಿ ಚಿಕ್ಕ ಮ್ಯಾಕ್ ವಿಳಾಸದ (ತಯಾರಕರು ಕೊಟ್ಟ ಗುರುತು ಸಂಖ್ಯೆಯ) ಸ್ವಿಚ್ಚೇ ರೂಟ್. ನಮ್ಮಲ್ಲಿ ಮೇಲಿನ ಮಹಡಿಯ ಮೂಲೆಯ ಸ್ವಿಚ್ ರೂಟ್ ಆಗಿ, ಕೆಳಗಿನ ಎರಡು ಸ್ವಿಚ್‌ಗಳ ನಡುವಿನ ನೇರ ಕೇಬಲ್ ಬ್ಲಾಕ್ ಆಗಿತ್ತು. ಫೈಲ್ ಸರ್ವರಿನ ಟ್ರಾಫಿಕ್ಕೆಲ್ಲ ಮೇಲೆ ಹೋಗಿ ಇಳಿಯುತ್ತಿತ್ತು. ಎರಡು ತಿಂಗಳು ನನ್ನ ಗಮನಕ್ಕೇ ಬರಲಿಲ್ಲ. ಈಗ ಮುಖ್ಯ ಸ್ವಿಚ್ಚಿಗೆ 4096, ಅದು ಕೆಟ್ಟರೆ ಅದರ ಜಾಗಕ್ಕೆ ಬರಬೇಕಾದ ಸ್ವಿಚ್ಚಿಗೆ 8192 ಕೊಟ್ಟಿದ್ದೇನೆ.

ನನಗೆ ಅತಿ ಹೆಚ್ಚು ನೆರವಾದದ್ದು ಬಿಪಿಡಿಯು ಗಾರ್ಡ್. ಬಿಪಿಡಿಯು ಎಂದರೆ ಸ್ಪ್ಯಾನಿಂಗ್ ಟ್ರೀಗಾಗಿ ಸ್ವಿಚ್‌ಗಳು ಕಳಿಸುವ ಸಂದೇಶ, ಕಂಪ್ಯೂಟರಿನಿಂದ ಅದು ಬರಬಾರದು. ಕಂಪ್ಯೂಟರ್ ಕೂರುವ ಪೋರ್ಟುಗಳನ್ನೆಲ್ಲ ಎಡ್ಜ್ (ಇನ್ನೊಂದು ಸ್ವಿಚ್ ಸೇರಬಾರದ ತುದಿ) ಮಾಡಿ ಇದನ್ನು ಆನ್ ಮಾಡಿದ್ದೇನೆ. ಅಲ್ಲಿ ಬಿಪಿಡಿಯು ಕಂಡ ಕೂಡಲೇ ಪೋರ್ಟ್ ಮುಚ್ಚಿಬಿಡುತ್ತದೆ.

ಒಂದು ಕೊರತೆ ಮಾತ್ರ ಕಾಡಿತು. ಯಾರಾದರೂ ಮೇಜಿನಡಿ ತಂದಿಡುವ ಪುಟ್ಟ ಸ್ವಿಚ್ ಬಿಪಿಡಿಯುಗಳನ್ನು ಮುಂದೆ ಸಾಗಿಸದಿದ್ದರೆ, ಅದರೊಳಗಿನ ಲೂಪ್ ಸ್ಪ್ಯಾನಿಂಗ್ ಟ್ರೀಗೆ ಕಾಣುವುದೇ ಇಲ್ಲ. ಅದಕ್ಕೆ ಲೂಪ್‌ಬ್ಯಾಕ್ ಡಿಟೆಕ್ಷನ್ ಬೇಕು, ಅಂದರೆ ಸ್ವಿಚ್ ತಾನು ಕಳಿಸಿದ ಪರೀಕ್ಷಾ ಫ್ರೇಮ್ ತನಗೇ ವಾಪಸ್ ಬಂದರೆ ಲೂಪ್ ಎಂದು ಗುರುತಿಸುವುದು. ಸೌಲಭ್ಯ ಇದೆ, ಆದರೆ ಕಂಪನಿಯವರು ಅದನ್ನು ಆಫ್ ಮಾಡಿಯೇ ಕಳಿಸುತ್ತಾರೆ. ಇದು ಸರಿಯಲ್ಲ.

ಕಳೆದ ತಿಂಗಳು ಲಾಗ್‌ನಲ್ಲಿ 17ನೇ ಪೋರ್ಟ್ ಮುಚ್ಚಿದ ಸಾಲು ಕಂಡಿತು. ಹೋಗಿ ನೋಡಿದರೆ ಅದೇ ಮೀಟಿಂಗ್ ರೂಮು, ಎರಡೂ ತುದಿ ಗೋಡೆಗೆ ಸಿಕ್ಕಿಸಿದ ಕೇಬಲ್. ಪಕ್ಕದ ಕೋಣೆಯಲ್ಲಿ ವಿಡಿಯೋ ಕಾಲ್ ಸ್ವಲ್ಪವೂ ತಡವರಿಸದೆ ನಡೆದಿತ್ತು.