ವಿಂಡೋಸ್ 98 ಓಡುವ ಹಳೆ ಕಂಪ್ಯೂಟರ್‌ಗೆ ದೊಡ್ಡ ಡಿಸ್ಕ್ ಹಾಕಿದ್ದರೆ ಮೊದಲು ಇದನ್ನು ಓದಿ

ವಿಂಡೋಸ್ 98 ಇರುವ ಹಳೆ ಕಂಪ್ಯೂಟರ್‌ನಲ್ಲಿ 160 ಜಿಬಿ, 250 ಜಿಬಿ ಡಿಸ್ಕ್ ಹಾಕಿಕೊಂಡಿದ್ದೀರಾ? ಅದರಲ್ಲಿ ನಿಮಗೆ ಬೇಕಾದ ಫೈಲ್‌ಗಳಿವೆಯಾ? ಹಾಗಿದ್ದರೆ ಮೊದಲು ಅದನ್ನು ಆಫ್ ಮಾಡಿ. ಡಿಸ್ಕ್ ಬಿಚ್ಚಿ, ಹೊಸ ಕಂಪ್ಯೂಟರ್‌ಗೆ ಹಾಕಿ, ಎಲ್ಲವನ್ನೂ ಕಾಪಿ ಮಾಡಿಕೊಳ್ಳಿ. ಈ ಬರಹವನ್ನು ಆಮೇಲೆ ಓದಿದರೂ ನಡೆಯುತ್ತದೆ. ಸುಮ್ನೆ ಹೆದರಿಸುತ್ತಿಲ್ಲ. ನನ್ನ ಡಿಸ್ಕ್‌ನಲ್ಲಿದ್ದದ್ದೆಲ್ಲ ಹೋಯಿತು, ಅದೂ ಒಂದೇ ಒಂದು ಎರರ್ ಮೆಸೇಜ್ ಬಾರದೆ.

ಹಳೆ ಕಂಪ್ಯೂಟರ್‌ಗಳನ್ನು ಸರಿಮಾಡಿ ಮಾರುವ ಒಬ್ಬರಿಂದ ಒಂದು ಪೆಂಟಿಯಂ 4 ತೆಗೆದುಕೊಂಡಿದ್ದೆ. 160 ಜಿಬಿ ಐಡಿಇ ಡಿಸ್ಕ್ (ಅಗಲ ಕೇಬಲ್‌ನಲ್ಲಿ ಜೋಡಿಸುವ ಹಳೆ ಮಾದರಿ), ವಿಂಡೋಸ್ 98 ಸೆಕೆಂಡ್ ಎಡಿಷನ್, ಇಡೀ ಡಿಸ್ಕ್ ಒಂದೇ ಸಿ ಡ್ರೈವ್. ಎಲ್ಲ ಅವರೇ ಹಾಕಿ ಕೊಟ್ಟದ್ದು. ಇಷ್ಟು ದೊಡ್ಡ ಡಿಸ್ಕ್ 98ಕ್ಕೆ ಆಗುತ್ತಾ ಅಂತ ಕೇಳಿದೆ. "ಬಯಾಸ್‌ನಲ್ಲೇ ಪೂರ್ತಿ 160 ತೋರಿಸ್ತಿದೆಯಲ್ಲ ಸರ್, ಏನೂ ತೊಂದರೆ ಇಲ್ಲ" ಅಂದರು. ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್. ವಿಂಡೋಸ್‌ಗೂ ಹಿಂದಿನ, ಕಪ್ಪು ಪರದೆಯ ಡಾಸ್‌ಗೆ ಬೂಟ್ ಮಾಡಿ, ಫೈಲ್ ಕಾಪಿ ಮಾಡಿ ತೋರಿಸಿದರು. ಎಲ್ಲವೂ ಸರಿಯಾಗಿಯೇ ನಡೆಯಿತು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಆದರೆ ಅವರು ತೋರಿಸಿದ ಪರೀಕ್ಷೆಗೂ ಮುಂದೆ ಬರಲಿದ್ದ ಅಪಾಯಕ್ಕೂ ಸಂಬಂಧವೇ ಇರಲಿಲ್ಲ. ಯಾಕೆ ಅಂತ ಕೆಳಗೆ ಬರೆಯುತ್ತೇನೆ.

ಆ ಯಂತ್ರದಲ್ಲಿ ನಾನು ಹಳೆ ಸಿಡಿ ಮತ್ತು ಫ್ಲಾಪಿಗಳ ಇಮೇಜ್ (ಇಡೀ ಸಿಡಿ ಅಥವಾ ಫ್ಲಾಪಿಯ ಯಥಾಪ್ರತಿ, ಒಂದೇ ಫೈಲ್ ಆಗಿ) ತೆಗೆದು ಇಡುತ್ತಿದ್ದೆ. ಗೆಳೆಯರು ಕೊಟ್ಟ ಫ್ಲಾಪಿಗಳಲ್ಲಿ ಕೆಲವು ಒಮ್ಮೆ ಓದಿಸಿಕೊಂಡವು, ಮತ್ತೆ ಓದಲೇ ಇಲ್ಲ. ಅವುಗಳಿಗೆ ಉಳಿದಿದ್ದದ್ದು ಈ ಡಿಸ್ಕ್‌ನಲ್ಲಿನ ಇಮೇಜ್ ಮಾತ್ರ. ತಿಂಗಳುಗಟ್ಟಲೆ ಏನೂ ತೊಂದರೆ ಇರಲಿಲ್ಲ. ಒಂದು ದಿನ ಒಂದು ಸಿಡಿ ಇಮೇಜ್ ಕಾಪಿ ಹಾಕಿದೆ. ಕಾಪಿ ಪೂರ್ತಿಯಾಯಿತು. ಆಮೇಲೆ ಫೋಲ್ಡರ್ ತೆರೆದರೆ ಫೈಲ್ ಹೆಸರುಗಳ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರಗಳು. ಒಂದೊಂದರ ಗಾತ್ರ ಜಿಬಿಗಟ್ಟಲೆ, ತಾರೀಖುಗಳು ಇನ್ನೂ ಬಾರದ ವರ್ಷಗಳದ್ದು. ರೀಸ್ಟಾರ್ಟ್ ಮಾಡಿದೆ. ಬೂಟ್ ಆಗುವ ಡಿಸ್ಕೇ ಇಲ್ಲ ಅಂತ ಬಂತು.

ಡಿಸ್ಕ್ ಬಿಚ್ಚಿ ಲಿನಕ್ಸ್ ಇರುವ ಕಂಪ್ಯೂಟರ್‌ಗೆ ಹಾಕಿ, ಮೊದಲ ಸೆಕ್ಟರನ್ನು (ಡಿಸ್ಕ್ ಒಂದು ಸಲಕ್ಕೆ ಓದಿ ಬರೆಯುವ ಚಿಕ್ಕ ತುಂಡು) ಬೈಟ್‌ಗಳನ್ನು ಇದ್ದಂತೆ ತೋರಿಸುವ ಹೆಕ್ಸ್ ವ್ಯೂವರ್‌ನಲ್ಲಿ ತೆರೆದು ನೋಡಿದೆ. ಈ ಸೆಕ್ಟರ್‌ನಲ್ಲಿ ಏನಿರಬೇಕು ಅಂತ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಒಟ್ಟು 512 ಬೈಟ್. ಮೊದಲ 446 ಬೈಟ್ ಬೂಟ್ ಕೋಡ್‌ಗೆ. ಆಮೇಲೆ 16 ಬೈಟ್‌ನ ನಾಲ್ಕು ಸಾಲು, ಅದೇ ಪಾರ್ಟಿಷನ್ ಟೇಬಲ್, ಡಿಸ್ಕ್‌ನ ಯಾವ ಭಾಗ ಎಲ್ಲಿ ಶುರು ಅನ್ನುವ ಪಟ್ಟಿ. ಕೊನೆಯ ಎರಡು ಬೈಟ್ ಯಾವಾಗಲೂ 55 ಮತ್ತು ಎಎ. ನನ್ನ ಡಿಸ್ಕ್‌ನಲ್ಲಿ ಅದ್ಯಾವುದೂ ಇರಲಿಲ್ಲ. ಅಲ್ಲಿದ್ದದ್ದು ಓದಲು ಬರುವ ಅಕ್ಷರಗಳು, ಯಾವುದೋ ಪ್ರೋಗ್ರಾಮ್‌ನ ಸಹಾಯ ಪುಟದ ವಾಕ್ಯಗಳು. ಪ್ರಿಂಟರ್ ಹೇಗೆ ಜೋಡಿಸಬೇಕು ಅಂತ ವಿವರಿಸುವ ಒಂದು ವಾಕ್ಯ ಅರ್ಧಕ್ಕೆ ಶುರುವಾಗಿ, 55 ಎಎ ಇರಬೇಕಾದ ಜಾಗವನ್ನೂ ದಾಟಿ ಮುಂದಿನ ಸೆಕ್ಟರ್‌ಗೆ ಹೋಗಿತ್ತು. ಅದು ನಾನು ಆಗಷ್ಟೇ ಕಾಪಿ ಮಾಡಿದ ಸಿಡಿ ಇಮೇಜಿನ ನಡುಭಾಗ! ಡಿಸ್ಕ್‌ನ ಕೊನೆಯ ಕಡೆ ಬರೆಯಬೇಕಾದ್ದನ್ನು ವಿಂಡೋಸ್ ತಂದು ಮೊದಲ ಸೆಕ್ಟರ್‌ನ ಮೇಲೆ ಬರೆದಿತ್ತು.

ಇದು ಯಾಕೆ ಆಗುತ್ತದೆ? ಹಳೆ ಐಡಿಇ ಪದ್ಧತಿಯಲ್ಲಿ ಸೆಕ್ಟರ್ ನಂಬರ್‌ಗೆ 28 ಬಿಟ್ ಜಾಗ ಮಾತ್ರ. ಅಂದ್ರೆ 26,84,35,456 ಸೆಕ್ಟರ್. ಒಂದೊಂದೂ 512 ಬೈಟ್, ಒಟ್ಟು ಸುಮಾರು 137.4 ಜಿಬಿ. ಡಿಸ್ಕ್ ಡಬ್ಬದ ಮೇಲಿನ ಲೆಕ್ಕ ಅದು, ವಿಂಡೋಸ್ ತೋರಿಸುವ ಲೆಕ್ಕದಲ್ಲಿ 128 ಜಿಬಿ. ಆಮೇಲೆ ಎಟಿಎ-6 ಸ್ಟ್ಯಾಂಡರ್ಡ್‌ನಲ್ಲಿ 48 ಬಿಟ್ ಬಂತು, ಈ ಮಿತಿ ಹೋಯಿತು. ಆದರೆ ವಿಂಡೋಸ್ 98ರ ಡಿಸ್ಕ್ ಡ್ರೈವರ್‌ಗೆ 48 ಬಿಟ್ ಗೊತ್ತೇ ಇಲ್ಲ. 28 ಬಿಟ್‌ಗಿಂತ ದೊಡ್ಡ ನಂಬರ್ ಬಂದರೆ ಮೇಲಿನ ಬಿಟ್‌ಗಳು ಬಿದ್ದುಹೋಗುತ್ತವೆ. ಹಳೆ ಸ್ಕೂಟರ್‌ನ ಮೀಟರ್ 99999 ದಾಟಿದ ಮೇಲೆ ಮತ್ತೆ ಸೊನ್ನೆಗೆ ಬರುತ್ತಲ್ಲ, ಹಾಗೆ. ಮಿತಿ ದಾಟಿದ ಮೊದಲ ಸೆಕ್ಟರ್ ಹೋಗಿ ಸೊನ್ನೆಯ ಸೆಕ್ಟರ್‌ನಲ್ಲಿ, ಅಂದರೆ ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿ, ಕೂರುತ್ತದೆ. ಡಿಸ್ಕ್‌ಗೆ ಸಿಕ್ಕಿದ್ದು ಸರಿಯಾದ ಆಜ್ಞೆ, ಸರಿಯಾದ ನಂಬರ್. ಅದು ಬರೆಯಿತು, ಆಯಿತು ಅಂತ ಉತ್ತರ ಕೊಟ್ಟಿತು. ಎರರ್ ಬರುವುದಾದರೂ ಎಲ್ಲಿಂದ?

ಇನ್ನು ಬಯಾಸ್ ವಿಷಯ. ಈ ಮಾತನ್ನು ಎಷ್ಟು ಜನ ನಂಬಿಕೊಂಡಿದ್ದಾರೆ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ. ಬಯಾಸ್ ಪೂರ್ತಿ ಗಾತ್ರ ತೋರಿಸಿದರೆ ಬಯಾಸ್‌ಗೆ ಗೊತ್ತು ಅಂತ ಅರ್ಥ, ಅಷ್ಟೇ. ಡಾಸ್‌ನಲ್ಲಿ ಇರುವವರೆಗೆ ಓದುವುದು ಬರೆಯುವುದು ಬಯಾಸ್ ಮೂಲಕವೇ ನಡೆಯುತ್ತದೆ. ಹಾಗಾಗಿ ಅಲ್ಲಿ ಪರೀಕ್ಷೆ ಮಾಡಿದರೆ 160 ಜಿಬಿಯ ಕೊನೆಯವರೆಗೂ ಸರಿಯಾಗಿಯೇ ಕೆಲಸ ಮಾಡುತ್ತದೆ. ವಿಂಡೋಸ್ 98 ಪೂರ್ತಿ ಎದ್ದ ಮೇಲೆ ಅದರ ಸ್ವಂತ ಡ್ರೈವರ್, ಇಎಸ್‌ಡಿಐ_506.ಪಿಡಿಆರ್ ಅನ್ನುವ ಫೈಲ್, ಬಯಾಸನ್ನು ಪಕ್ಕಕ್ಕೆ ಸರಿಸಿ ತಾನೇ ನೇರವಾಗಿ ಡಿಸ್ಕ್ ಜೊತೆ ಮಾತಾಡುತ್ತದೆ. ಡಾಸ್‌ನಲ್ಲಿ ಸರಿ, ವಿಂಡೋಸ್‌ನಲ್ಲಿ ಸರ್ವನಾಶ. ಡಿಸ್ಕ್ ಅದೇ, ಕೇಬಲ್ ಅದೇ.

ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ, ನನಗೇನೂ ಆಗಲ್ಲ ಅಂತ ಅಂದುಕೊಳ್ಳಬೇಡಿ. ಫೈಲ್ ಅಳಿಸಿ ಹೊಸದು ಬರೆದಾಗ ವಿಂಡೋಸ್ ಯಾವಾಗಲೂ ಹಿಂದಿನ ಖಾಲಿ ಜಾಗಕ್ಕೇ ವಾಪಸ್ ಬರುವುದಿಲ್ಲ. ಕೊನೆಗೆ ಬರೆದ ಜಾಗದಿಂದ ಮುಂದೆ ಖಾಲಿ ಹುಡುಕುತ್ತಾ ಹೋಗುತ್ತದೆ. ದೊಡ್ಡ ಫೈಲ್‌ಗಳನ್ನು ಹಾಕಿ ತೆಗೆದು ಮಾಡುವವರು ಡಿಸ್ಕ್ ತುಂಬುವುದಕ್ಕೆ ಬಹಳ ಮೊದಲೇ ಆ 128 ಜಿಬಿ ಗೆರೆ ದಾಟಬಹುದು.

ಮುನ್ಸೂಚನೆ ಒಂದು ಇರುತ್ತದೆ, ಅದನ್ನು ಗುರುತಿಡಿ. ವಿಂಡೋಸ್ 98ರ ಸ್ಕ್ಯಾನ್‌ಡಿಸ್ಕ್ ಇಷ್ಟು ದೊಡ್ಡ ಡ್ರೈವನ್ನು ಪರೀಕ್ಷಿಸಲಾರದು, ಮೆಮೊರಿ ಸಾಲದು ಅನ್ನುತ್ತದೆ. ರ‍್ಯಾಮ್ ಎಷ್ಟೇ ಹಾಕಿದರೂ ಅದೇ ಉತ್ತರ. ಫ್ಯಾಟ್ ಟೇಬಲನ್ನು, ಅಂದರೆ ಯಾವ ಫೈಲ್ ಡಿಸ್ಕ್‌ನಲ್ಲಿ ಎಲ್ಲೆಲ್ಲಿದೆ ಅನ್ನುವ ಪಟ್ಟಿಯನ್ನು, ಅದು ಒಂದೇ ತುಂಡಾಗಿ ಮೆಮೊರಿಗೆ ತೆಗೆದುಕೊಳ್ಳಬೇಕು, ಅದಕ್ಕೆ 16 ಎಂಬಿಗಿಂತ ದೊಡ್ಡ ತುಂಡು ಹಿಡಿಯಲು ಆಗುವುದಿಲ್ಲ. 160 ಜಿಬಿಯ ಫ್ಯಾಟ್32 ಡ್ರೈವ್‌ನಲ್ಲಿ 32 ಕೆಬಿ ಕ್ಲಸ್ಟರ್ (ಫೈಲ್‌ಗೆ ಕೊಡುವ ಜಾಗದ ಒಂದು ತುಂಡು) ಇಟ್ಟರೂ ಆ ಟೇಬಲ್ 18 ಎಂಬಿ ದಾಟುತ್ತದೆ. ಸ್ಕ್ಯಾನ್‌ಡಿಸ್ಕ್ ಹೀಗೆ ಕೈಚೆಲ್ಲಿದರೆ ನಿಮ್ಮ ಡ್ರೈವ್ ಅಪಾಯದ ಗಾತ್ರದಲ್ಲಿದೆ ಅಂತಲೇ ತಿಳಿಯಿರಿ. ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್ ತೋರಿಸುವ ಗಾತ್ರದಿಂದ ಏನೂ ಗೊತ್ತಾಗುವುದಿಲ್ಲ. ಹಳೆ ಎಫ್‌ಡಿಸ್ಕ್ 64 ಜಿಬಿ ದಾಟಿದರೆ ತಪ್ಪು ಲೆಕ್ಕ ಹೇಳುತ್ತದೆ, 80 ಜಿಬಿ ಡಿಸ್ಕನ್ನು ಸುಮಾರು 10 ಜಿಬಿ ಅನ್ನುತ್ತದೆ.

ನನ್ನ ಡಿಸ್ಕ್‌ನಿಂದ ವಾಪಸ್ ಸಿಕ್ಕಿದ್ದು ಬಹಳ ಕಡಿಮೆ. ಫ್ಯಾಟ್32ರಲ್ಲಿ ಟೇಬಲ್‌ನ ಎರಡು ಪ್ರತಿ ಇರುತ್ತವೆ, ಬೂಟ್ ಸೆಕ್ಟರ್‌ಗೂ ಒಂದು ಬ್ಯಾಕಪ್ ಇರುತ್ತದೆ. ಆದರೆ ಇವೆಲ್ಲ ಇರುವುದು ಪಾರ್ಟಿಷನ್‌ನ ಆರಂಭದಲ್ಲೇ, ಅಕ್ಕಪಕ್ಕದಲ್ಲಿ. ಬೂಟ್ ಸೆಕ್ಟರ್‌ನ ಬ್ಯಾಕಪ್ ಆರನೇ ಸೆಕ್ಟರ್‌ನಲ್ಲಿ, ಎರಡು ಟೇಬಲ್ ಸೇರಿ ಸುಮಾರು 40 ಎಂಬಿ, ಅದರ ಹಿಂದೆಯೇ ಸಾಮಾನ್ಯವಾಗಿ ರೂಟ್ ಡೈರೆಕ್ಟರಿ. ನೂರಾರು ಎಂಬಿಯ ಒಂದು ಸಿಡಿ ಇಮೇಜ್ ಅಷ್ಟನ್ನೂ ಒಂದೇ ಸಲಕ್ಕೆ ಗುಡಿಸಿ ಹಾಕಿತು. ಕಳೆದುಹೋದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್‌ಗೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಫೋಟೊರೆಕ್ ಒಂದಷ್ಟು ಫೈಲ್‌ಗಳನ್ನು ಹೆಕ್ಕಿ ಕೊಟ್ಟಿತು, ಹೆಸರಿಲ್ಲದೆ, ಫೋಲ್ಡರ್ ಇಲ್ಲದೆ. ಫ್ಲಾಪಿ ಇಮೇಜ್‌ಗಳ ಸ್ಥಿತಿ ಇನ್ನೂ ಕಷ್ಟ. ಬೂಟ್ ಸೆಕ್ಟರ್‌ನ ಗುರುತು ನೋಡಿ ಒಂದೊಂದನ್ನೇ ಕೈಯಲ್ಲಿ ಹುಡುಕಬೇಕಾಯಿತು. ಓದಲಾಗದ ಆ ಫ್ಲಾಪಿಗಳನ್ನು ಕೊಟ್ಟವರಿಗೆ ಏನು ಹೇಳುವುದು ಅನ್ನುವ ಚಿಂತೆ ಈಗಲೂ ಇದೆ.

98 ಒಂದೇ ಅಲ್ಲ. ವಿಂಡೋಸ್ ಎಕ್ಸ್‌ಪಿಯ ಮೊದಲ ಸಿಡಿಗೂ ಈ ಮಿತಿ ಇತ್ತು, ಸರ್ವಿಸ್ ಪ್ಯಾಕ್ 1ರಲ್ಲಿ ಸರಿಹೋಯಿತು. ವಿಂಡೋಸ್ 2000ದಲ್ಲಿ ಇನ್ನೂ ಕೆಟ್ಟ ಬಲೆ ಇದೆ. ಅಲ್ಲಿ ಸರ್ವಿಸ್ ಪ್ಯಾಕ್ 3 ಹಾಕಿದರೂ ಸಾಲದು, ರಿಜಿಸ್ಟ್ರಿಯಲ್ಲಿ ಎನೇಬಲ್‌ಬಿಗ್‌ಎಲ್‌ಬಿಎ ಅನ್ನುವುದನ್ನು 1 ಅಂತ ನೀವೇ ಬರೆಯಬೇಕು. ಅದನ್ನೆಲ್ಲ ಮಾಡಿ ದೊಡ್ಡ ಡಿಸ್ಕ್ ಬಳಸುತ್ತಿರುತ್ತೀರಿ. ಮುಂದೆ ಯಾವಾಗಲೋ ಹಳೆ ಸಿಡಿಯಿಂದ 2000ವನ್ನು ಮತ್ತೆ ಹಾಕುತ್ತೀರಿ. ರಿಜಿಸ್ಟ್ರಿ ಹೊಸದು, ಆ ಸಾಲು ಅದರಲ್ಲಿ ಇಲ್ಲ, ಡಿಸ್ಕ್‌ನಲ್ಲಿ ಮಾತ್ರ ಗೆರೆ ದಾಟಿದ ಡೇಟಾ ಇದೆ. ಅಲ್ಲಿಂದ ಮುಂದೆ ನೀವೇ ಊಹಿಸಿ.

ಇನ್ನೊಂದು ವಿಷಯ ಡ್ರೈವ್ ಅಕ್ಷರದ್ದು. ಡಾಸ್, ವಿಂಡೋಸ್ 98 ಎರಡರಲ್ಲೂ ಮೊದಲು ಎಲ್ಲ ಡಿಸ್ಕ್‌ಗಳ ಪ್ರೈಮರಿ ಪಾರ್ಟಿಷನ್‌ಗಳಿಗೆ ಅಕ್ಷರ ಸಿಗುತ್ತದೆ, ಲಾಜಿಕಲ್ ಡ್ರೈವ್‌ಗಳ (ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಳಗಿನವು) ಸರದಿ ಆಮೇಲೆ. ನಿಮ್ಮ ಒಂದೇ ಡಿಸ್ಕ್‌ನಲ್ಲಿ ಸಿ (ಪ್ರೈಮರಿ) ಮತ್ತು ಡಿ (ಲಾಜಿಕಲ್) ಇವೆ ಅಂದುಕೊಳ್ಳಿ. ಪ್ರೈಮರಿ ಇರುವ ಎರಡನೇ ಡಿಸ್ಕ್ ಹಾಕಿದ ಕೂಡಲೇ ಅದು ಡಿ ಆಗುತ್ತದೆ, ನಿಮ್ಮ ಹಳೆಯ ಡಿ ಈಗ ಇ. ಹೊಸ ಡಿಸ್ಕ್ ತಾನೇ ಕೊನೆಯಲ್ಲಿ ಬಂದಿರೋದು ಅಂತ ಇ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಹೋಗುವುದು ನಿಮ್ಮ ಹಳೆ ಫೈಲ್‌ಗಳು. ಎಲ್ಲ ಡ್ರೈವ್‌ಗಳಿಗೂ ಮೊದಲೇ ಲೇಬಲ್ ಕೊಟ್ಟಿಡಿ, ಫಾರ್ಮ್ಯಾಟ್‌ಗೆ ಮೊದಲು ಡಿಐಆರ್ ಹೊಡೆದು ಆ ಹೆಸರು ನೋಡಿ. ಎರಡನೇ ಡಿಸ್ಕ್‌ನಲ್ಲಿ ಪ್ರೈಮರಿಯನ್ನೇ ಮಾಡದೆ ಬರೀ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇಟ್ಟರೆ ಹಳೆ ಅಕ್ಷರಗಳು ಕದಲುವುದಿಲ್ಲ.

486 ಕಾಲದ ಯಂತ್ರಗಳಿದ್ದವರು ಮದರ್‌ಬೋರ್ಡಿನ ಬ್ಯಾಟರಿಯ ಮೇಲೂ ಕಣ್ಣಿಡಿ. ಬ್ಯಾಟರಿ ಸತ್ತರೆ ಬಯಾಸ್ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಎಲ್‌ಬಿಎ (ಸೆಕ್ಟರ್‌ಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ಪದ್ಧತಿ) ಇದ್ದ ಡಿಸ್ಕ್ ನಾರ್ಮಲ್‌ಗೆ ತಿರುಗಿಕೊಂಡರೆ ಸಿಲಿಂಡರ್, ಹೆಡ್ ಲೆಕ್ಕವೇ ಬದಲಾಗುತ್ತದೆ, ಡಿಸ್ಕ್ ಹಾಳಾದಂತೆ ಕಾಣುತ್ತದೆ. ನಿಜಕ್ಕೂ ಏನೂ ಹಾಳಾಗಿರುವುದಿಲ್ಲ, ಸೆಟ್ಟಿಂಗ್ ವಾಪಸ್ ಇಟ್ಟರೆ ಎಲ್ಲ ಬರುತ್ತದೆ. ಆ ಸ್ಥಿತಿಯಲ್ಲಿ ಸ್ಕ್ಯಾನ್‌ಡಿಸ್ಕ್ ಓಡಿಸಿ "ಸರಿಮಾಡಲು" ಬಿಟ್ಟರೆ ಮಾತ್ರ ಹಾಳು. ಕೆಲವು ಹಳೆ ಡಿಸ್ಕ್‌ಗಳಲ್ಲಿ ಆನ್‌ಟ್ರ್ಯಾಕ್ ಡಿಸ್ಕ್ ಮ್ಯಾನೇಜರ್, ಇಝೀ-ಡ್ರೈವ್ ತರಹದ ಓವರ್‌ಲೇ (ದೊಡ್ಡ ಡಿಸ್ಕ್ ಅರಿಯದ ಬಯಾಸ್‌ಗೆ ನೆರವಾಗುವ ಪ್ರೋಗ್ರಾಮ್) ಮೊದಲ ಸೆಕ್ಟರ್‌ಗಳಲ್ಲಿ ಕೂತಿರುತ್ತದೆ. ಅಂಥ ಡಿಸ್ಕ್ ಮೇಲೆ ಎಫ್‌ಡಿಸ್ಕ್ /ಎಂಬಿಆರ್ ಹೊಡೆಯಬೇಡಿ, ಅದು ಮೊದಲ ಸೆಕ್ಟರ್‌ನ ಕೋಡ್ ಮೇಲೆ ಬರೆದು ಓವರ್‌ಲೇ ಕೆಡಿಸುತ್ತದೆ. ವಿಂಡೋಸ್ 7ರಲ್ಲಿ ಮಾಡಿದ ಲಾಜಿಕಲ್ ಡ್ರೈವ್‌ಗಳನ್ನು ಎಕ್ಸ್‌ಪಿಯ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮುಟ್ಟಲೂಬೇಡಿ. ಎರಡರ ಜೋಡಣೆ ಲೆಕ್ಕ ಬೇರೆ, ಪಕ್ಕದ ಡ್ರೈವ್‌ಗಳು ಮಾಯವಾಗಬಹುದು.

ನಾನು ಈಗ ಹಳೆ ಯಂತ್ರಗಳಿಗೆ 120 ಜಿಬಿ ದಾಟಿದ್ದನ್ನು ಹಾಕುವುದೇ ಇಲ್ಲ. 120 ಜಿಬಿ ಎಸ್‌ಎಸ್‌ಡಿಯನ್ನು ಸಾಟಾದಿಂದ ಐಡಿಇಗೆ ತಿರುಗಿಸುವ ಅಡಾಪ್ಟರ್‌ನಲ್ಲಿ ಹಾಕಿದರೆ ಸಾಕು. 160 ಜಿಬಿಯೇ ಕೈಯಲ್ಲಿದ್ದರೆ ಪಾರ್ಟಿಷನ್‌ಗಳೆಲ್ಲ 128 ಜಿಬಿ ಗೆರೆಯ ಒಳಗೇ ಮುಗಿಯುವಂತೆ ಮಾಡಿ, ಉಳಿದದ್ದನ್ನು ಖಾಲಿ ಬಿಡಿ. ಪಾರ್ಟಿಷನ್ ಇಲ್ಲದ ಜಾಗಕ್ಕೆ ವಿಂಡೋಸ್ ಫೈಲ್ ಬರೆಯುವುದಿಲ್ಲ. ಗಮನಿಸಿ, ಸಿ ಡ್ರೈವ್ ಚಿಕ್ಕದು ಮಾಡಿ ಉಳಿದದ್ದಕ್ಕೆಲ್ಲ ಡಿ ಡ್ರೈವ್ ಕೊಟ್ಟರೆ ಪ್ರಯೋಜನವಿಲ್ಲ. ಡಿ ಆ ಗೆರೆ ದಾಟಿದ್ದರೆ ಅದಕ್ಕೆ ಬರೆದದ್ದು ಸಿ ಡ್ರೈವನ್ನು ತಿನ್ನುತ್ತದೆ. ಹಳೆ ಆಟ, ಹಳೆ ಪ್ರೋಗ್ರಾಮ್ ನೋಡಬೇಕು ಅಷ್ಟೇ ಅನ್ನುವವರಿಗೆ ಹೊಸ ಕಂಪ್ಯೂಟರ್ ಒಳಗೆ ಹಳೆಯದನ್ನು ಅನುಕರಿಸುವ 86ಬಾಕ್ಸ್ ತರಹದ ಎಮ್ಯುಲೇಟರ್ ಸಾಕು. ಅಲ್ಲಿ ಇಡೀ ಡಿಸ್ಕ್ ಒಂದು ಫೈಲ್, ಅದರ ಕಾಪಿ ತೆಗೆದಿಡುವುದು ಸುಲಭ. ನಿಜವಾದ ಯಂತ್ರದ ಖುಷಿಯೇ ಬೇರೆ, ನನಗೂ ಗೊತ್ತು. ಆ ಯಂತ್ರವನ್ನು ಓಡಿಸಲು ಇಟ್ಟುಕೊಳ್ಳಿ. ಒಂದೇ ಪ್ರತಿ ಇರುವ ಫೈಲ್‌ಗಳನ್ನು ಮಾತ್ರ ಅದರಲ್ಲಿ ಇಡಬೇಡಿ.

ಈಗಾಗಲೇ ಫೈಲ್ ಹೆಸರುಗಳು ಕಲಸಿಹೋಗಿದ್ದರೆ ರೀಸ್ಟಾರ್ಟ್ ಬೇಡ, ಸ್ಕ್ಯಾನ್‌ಡಿಸ್ಕ್ ಬೇಡ, ಸರಿಯಾದ ಶಟ್‌ಡೌನ್ ಕೂಡ ಬೇಡ. ಶಟ್‌ಡೌನ್ ಆಗುವಾಗಲೂ ವಿಂಡೋಸ್ ಡಿಸ್ಕ್‌ಗೆ ಬರೆಯುತ್ತದೆ. ಪವರ್ ತೆಗೆಯಿರಿ. ಡಿಸ್ಕನ್ನು ಲಿನಕ್ಸ್ ಇರುವ ಕಂಪ್ಯೂಟರ್‌ಗೆ ಹಾಕಿ, ಮೌಂಟ್ ಮಾಡದೆ (ಫೈಲ್ ನೋಡಲು ತೆರೆಯದೆ) ಡಿಡಿರೆಸ್ಕ್ಯೂ ಅನ್ನುವ ನಕಲು ತೆಗೆಯುವ ಪ್ರೋಗ್ರಾಮ್‌ನಲ್ಲಿ ಪೂರ್ತಿ ಇಮೇಜ್ ತೆಗೆಯಿರಿ. ಆ ಇಮೇಜಿನ ಇನ್ನೊಂದು ಕಾಪಿ ಮಾಡಿ, ಟೆಸ್ಟ್‌ಡಿಸ್ಕ್, ಫೋಟೊರೆಕ್ ಏನೇ ಓಡಿಸುವುದಿದ್ದರೂ ಆ ಕಾಪಿಯ ಮೇಲೆ ಓಡಿಸಿ. ಗೆರೆ ದಾಟಿ ಬರೆದದ್ದು ಒಂದು ಚಿಕ್ಕ ಫೈಲ್ ಆಗಿದ್ದರೆ ಎರಡನೇ ಫ್ಯಾಟ್ ಟೇಬಲ್ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ಅದೊಂದು ಸಿಕ್ಕರೆ ಫೋಲ್ಡರ್‌ಗಳ ಬಹುಭಾಗ ಹೆಸರಿನ ಸಮೇತ ವಾಪಸ್ ಬರುತ್ತದೆ.