ಬೂದು ತಿರುಗಿದ ಮರದ ಡೆಕ್‌ಗೆ ಯಾವುದು ಸರಿ: ವಾರ್ನಿಷ್, ಎಣ್ಣೆ, ಸ್ಟೇನ್?

ಬಿಸಿಲು ಮಳೆಗೆ ಡೆಕ್ (ಮನೆಯ ಹೊರಗಿನ ಮರದ ಹಲಗೆಯ ನೆಲ) ಬೂದು ತಿರುಗಿದ ಕೂಡಲೇ ಹಲಗೆ ಹಾಳಾಯ್ತು ಅಂತ ಕಿತ್ತು ಹಾಕಿಸುವವರಿದ್ದಾರೆ. ದಯವಿಟ್ಟು ಆತುರ ಪಡಬೇಡಿ. ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದುಬಿಡುತ್ತದೆ. ಉಳಿಯುವ ಬೂದು ಪದರ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಚಾಕುವಿನ ತುದಿಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಆ ಹಲಗೆ ಕೊಳೆತಿದೆ, ಬದಲಿಸಿ. ಇಳಿಯದಿದ್ದರೆ ಮರ ಗಟ್ಟಿಯಾಗಿಯೇ ಇದೆ.

ಮೊದಲು ತೊಳೆಯುವ ಕೆಲಸ. ಪ್ರೆಷರ್ ವಾಷರ್ ಬೇಗ ಮುಗಿಸುತ್ತದೆ ನಿಜ, ಆದರೆ ಮೆತ್ತನೆಯ ಮರದಲ್ಲಿ ನಾರು ಎಬ್ಬಿಸಿಬಿಡುತ್ತದೆ. ಬರಿಗಾಲಲ್ಲಿ ನಡೆದರೆ ಸಿಬಿರು ಚುಚ್ಚುತ್ತದೆ. ನನಗೆ ಹಿಡಿಸಿದ್ದು ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಕ್ಲೀನರ್. ಹಚ್ಚಿ, ಕಾಲು ಗಂಟೆ ಒಣಗದಂತೆ ನೋಡಿಕೊಂಡು, ಮರದ ಎಳೆಯ ಉದ್ದಕ್ಕೂ ಬ್ರಷ್‌ನಿಂದ ಉಜ್ಜಿದರೆ ಬೂದು ಕೊಳೆ ನೊರೆಯ ಜೊತೆ ಎದ್ದು ಬರುತ್ತದೆ. ಮೊಳೆ ಸುತ್ತಲಿನ ಕಪ್ಪು ಉಂಗುರ ಮಾತ್ರ ಇದಕ್ಕೆ ಜಗ್ಗುವುದಿಲ್ಲ. ಅದು ಕಬ್ಬಿಣವೂ ಮರದಲ್ಲಿರುವ ಒಗರು ಪದಾರ್ಥ ಟ್ಯಾನಿನ್ನೂ ಸೇರಿ ಆಗುವ ಕಲೆ. ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು. ಹಚ್ಚಿದ ಸ್ವಲ್ಪ ಹೊತ್ತಿಗೇ ಉಂಗುರ ತಿಳಿಯಾಗುತ್ತಾ ಹೋಗುವುದು ಕಾಣುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಇದನ್ನು ಮುಟ್ಟಬೇಡಿ. ಆಮೇಲೆ ಚೆನ್ನಾಗಿ ತೊಳೆದು, ಒಣಗಿಸಿ, 60 ಅಥವಾ 80 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿ. ಜಾಸ್ತಿ ನುಣುಪು ಮಾಡಿದರೆ ಮರ ಎಣ್ಣೆಯನ್ನಾಗಲಿ ಸ್ಟೇನನ್ನಾಗಲಿ (ಮರದೊಳಗೆ ಇಳಿಯುವ ಬಣ್ಣ) ಸರಿಯಾಗಿ ಕುಡಿಯುವುದಿಲ್ಲ.

ಇನ್ನು ಹಚ್ಚುವುದು. ಒಂದೇ ಡೆಕ್‌ನಲ್ಲಿ ಅಕ್ಕಪಕ್ಕ ಮೂರು ಬಗೆ ಹಚ್ಚಿ ಬಿಟ್ಟಿದ್ದೆ.

ಮೊದಲ ದಿನದ ಹೊಳಪಿನಲ್ಲಿ ವಾರ್ನಿಷ್‌ಗೆ ಸಾಟಿಯಿಲ್ಲ. ಆದರೆ ಅದು ಮರದ ಮೇಲೆ ಕೂರುವ ಪೊರೆ. ಮರ ನೀರಿಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಪೊರೆ ಅದರ ಜೊತೆ ಎಳೆದಾಡಿ ಕೊನೆಗೆ ಬಿರುಕು ಬಿಡುತ್ತದೆ. ನನ್ನ ಡೆಕ್‌ನಲ್ಲಿ ಅದು ಶುರುವಾಗಿದ್ದು ಹಲಗೆಯ ತುದಿಯಲ್ಲಿ, ಕೂದಲೆಳೆಯಷ್ಟು. ಅಲ್ಲಿಂದ ಒಳಗಿಳಿದ ನೀರಿಗೆ ಹೊರಬರಲು ದಾರಿಯೇ ಇಲ್ಲ. ವಾರ್ನಿಷ್ ಹಪ್ಪಳದ ಹಾಗೆ ಎದ್ದಿತು, ಕೆಳಗೆ ಮರ ಕಪ್ಪಾಗಿತ್ತು. ಮತ್ತೆ ಹಚ್ಚಬೇಕಾದರೆ ಹಳೆಯದನ್ನೆಲ್ಲ ಕೆರೆದು ತೆಗೆಯಬೇಕು. ಮಳೆ ಬೀಳದ ಬಾಗಿಲಿಗೆ ಇರಲಿ, ಡೆಕ್‌ಗೆ ಬೇಡವೇ ಬೇಡ.

ಅಗಸೆ ಎಣ್ಣೆ ಹಚ್ಚೋದು ಸುಲಭ, ಸಿಪ್ಪೆ ಏಳುವ ತಂಟೆಯೂ ಇಲ್ಲ. ಆದರೆ ಬೂಷ್ಟಿಗೆ ಅದೇ ಆಹಾರ. ಬಣ್ಣದ ಪುಡಿ ಇಲ್ಲದ್ದರಿಂದ ಬಿಸಿಲನ್ನೂ ತಡೆಯುವುದಿಲ್ಲ, ಮರ ಮತ್ತೆ ಬೇಗ ಬೂದಾಗುತ್ತದೆ.

ನಾನು ಉಳಿಸಿಕೊಂಡಿದ್ದು ಎಳೆ ಕಾಣುವಷ್ಟು ತಿಳಿಯಾದ, ಎಣ್ಣೆ ಬೆರೆತ ಸ್ಟೇನ್. ಅದರ ಬಣ್ಣ ಬಿಸಿಲನ್ನು ತಡೆಯುತ್ತದೆ. ಅದು ಮರದೊಳಗೆ ಇಳಿಯುವುದರಿಂದ ಚಕ್ಕೆ ಏಳದೆ ನಿಧಾನಕ್ಕೆ ಮಾಸುತ್ತದೆ, ತೊಳೆದು ಅದರ ಮೇಲೇ ಹಚ್ಚಬಹುದು. ನನಗೆ ಇದೇ ದೊಡ್ಡ ಗೆಲುವು. ಡೆಕ್ ಅಂದ ಮೇಲೆ ಮತ್ತೆ ಹಚ್ಚುವುದು ತಪ್ಪಿದ್ದಲ್ಲ, ಅಲ್ವಾ? ಬಿಸಿಲು ಇಳಿದ ಮೇಲೆ ತೆಳ್ಳಗೆ ಹಚ್ಚಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಮೇಲೆ ನಿಂತದ್ದನ್ನು ಒರೆಸಿ, ಇಲ್ಲದಿದ್ದರೆ ಅಂಟಂಟಾಗಿ ಉಳಿಯುತ್ತದೆ. ಹಲಗೆಯ ತುದಿಗಳಿಗೆ ಇನ್ನೊಂದು ಸಲ ಹಚ್ಚಿ, ನೀರು ಜಾಸ್ತಿ ಕುಡಿಯುವ ಜಾಗ ಅದೇ. ಮುಂದೆ ನೀರಿನ ಹನಿ ಹಾಕಿ ನೋಡುತ್ತಿರಿ. ಹನಿ ನಿಲ್ಲದೆ ಇಂಗಿದರೆ ಮತ್ತೆ ಹಚ್ಚುವ ಹೊತ್ತು ಬಂದಿದೆ.

ಎಣ್ಣೆಯಾಗಲಿ ಸ್ಟೇನಾಗಲಿ, ಒರೆಸಿದ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆಯಂಥ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿಡಿ.